ಹಾರದ ದಿನದ ಸಹಿ

ಇವತ್ತು ಸಂಜೆ ವಾಯುನೆಲೆಯ ಸಭಾಂಗಣಕ್ಕೆ ಅಪ್ಪನ ಹೆಸರಿಡುತ್ತಾರೆ. ಅಲ್ಲಿ ಓದುವ ಪರಿಚಯ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. "ದಿನಾ ಡೈರಿ ಬರೀತೀಯಲ್ಲ, ಒಂದು ಪುಟ ಏನು ಮಹಾ?" ಎಂದಿದ್ದಳು ಅಮ್ಮ. ಒಪ್ಪಿಕೊಂಡೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು.

ಯುದ್ಧವಿಮಾನಗಳ ತುಕಡಿ ನಡೆಸಿ ಮೂರು ಪದಕ ಪಡೆದ ಅಪ್ಪ, ಊಟದ ಮೇಜಿನೆದುರು ಕೆಂಪು ಪೆನ್ಸಿಲ್ ಹಿಡಿದು ಕೂತಿದ್ದರು. 'ಅಪ್ರತಿಮ ಸಾಹಸದಿಂದ' ಎಂಬುದನ್ನು ಹೊಡೆದುಹಾಕಿದರು.

"ಇಂಧನ ಮುಗೀತಾ ಇತ್ತು, ಇಳಿಸಿದೆ. ಸಾಹಸ ಎಲ್ಲಿಂದ ಬಂತು?"

'ಶತ್ರುವಿನ ಎದೆ ನಡುಗಿಸಿ' ಎಂಬುದೂ ಹೋಯಿತು.

"ನೀನು ಹೋಗಿ ಅವನ ಎದೆ ಮುಟ್ಟಿ ನೋಡಿದ್ಯಾ?"

ಪುಟ ತುಂಬ ಬರೆದದ್ದು ಒಂಬತ್ತು ಸಾಲಿಗೆ ಇಳಿದ ಮೇಲೆ "ಈಗ ಸರಿ" ಎಂದರು. ಪತ್ರ ಒಯ್ಯಲು ಬಂದ ಜೀಪು ಗೇಟಿನ ಹತ್ತಿರ ಕಾಯುತ್ತಿತ್ತು.

ನಾನು ಅವರ ಹಾರಾಟದ ದಾಖಲೆ ಪುಸ್ತಕವನ್ನು ಮುಂದೆ ತಳ್ಳಿದೆ. ಮೊದಲ ಪದಕ ತಂದ ದಾಳಿಗೆ ಮೂರು ದಿನ ಮುಂಚೆ ಒಂದು ಸಾಲು: 'ಹಾರಾಟವಿಲ್ಲ.' ಕಾರಣದ ಜಾಗ ಖಾಲಿ.

"ಇದೂ ಬೇಕು, ಅಪ್ಪ."

"ಹಾರದ ದಿನದ ಬಗ್ಗೆ ಬರೆಯೋಕೆ ಏನಿದೆ?"

ಒಳಗಿನಿಂದ ಅಮ್ಮನೇ ಉತ್ತರ ಕೊಟ್ಟಳು: "ಉಡ ಸಹಿ ಹಾಕದೇ ಇದ್ದ ದಿನ ಅಲ್ವಾ ಅದು?"

ಉಡ ಎಂದರೆ ಅಪ್ಪನ ವಿಮಾನದ ಮೆಕ್ಯಾನಿಕ್. ಹಿಡಿದ ಪಟ್ಟು ಬಿಡದವರೆಂದು ಅಪ್ಪನೇ ಇಟ್ಟ ಹೆಸರು. ಮೆಕ್ಯಾನಿಕ್ ಪರೀಕ್ಷಿಸಿ ಸಹಿ ಹಾಕದೆ ವಿಮಾನ ನೆಲ ಬಿಡುವಂತಿಲ್ಲ. ಅಂದು ಅವರು ಇಂಧನದ ವಾಸನೆ ಬರುತ್ತಿದೆಯೆಂದು ಸಹಿ ಹಾಕಲಿಲ್ಲ. ಅಪ್ಪ ಎಲ್ಲರೆದುರು ಅವರನ್ನು ಹೇಡಿ ಎಂದು ಬೈದರು. ಮಧ್ಯಾಹ್ನ ಬಿಚ್ಚಿ ನೋಡಿದರೆ ಕೊಳವೆಯಲ್ಲಿ ಬಿರುಕು. ಆಗಲೂ ಅಪ್ಪ 'ತಪ್ಪಾಯ್ತು' ಅನ್ನಲಿಲ್ಲ. ಈವರೆಗೂ ಅಂದಿಲ್ಲ.

"ಸಂಜೆ ಅವರೂ ಬರ್ತಾರೆ," ಎಂದೆ. "ಕೊನೇ ಸಾಲಲ್ಲಿ ಕೂತು ಕೇಳಿಸ್ಕೋತಾರೆ."

"ಸನ್ಮಾನದ ಸಭೇಲಿ ಇದೆಲ್ಲ ಯಾಕೆ? ಸಹಿ ಹಾಕಿ ಕೊಡು, ಜೀಪು ಕಾಯ್ತಾ ಇದೆ."

ಪತ್ರದ ಕೆಳಗೆ ಬರೆದವರ ಸಹಿ ಬೇಕಿತ್ತು. ಬಸ್ಸಿನಲ್ಲಿ ಯಾರೋ ನನ್ನ ಕಾಲು ತುಳಿದರೆ ಅವರ ಕ್ಷಮೆ ಕೇಳಿ ಸರಿದು ನಿಲ್ಲುವವಳು ನಾನು. ಆದರೂ ಪೆನ್ನಿನ ಮುಚ್ಚಳ ಹಾಕಿಬಿಟ್ಟೆ.

"ನಾನು ಹಾಕಲ್ಲ."

"ಏನಂದೆ?"

"ಇದರಲ್ಲೂ ಬಿರುಕಿದೆ, ಅಪ್ಪ."

ಹೊರಗೆ ಹಾರ್ನ್ ಕೇಳಿತು. ಮತ್ತೊಮ್ಮೆ ಕೇಳಿತು.

"ಅಲ್ಲೊಂದು ಉಡ, ಮನೇಲೊಂದು ಉಡ! ನನ್ನ ಗ್ರಹಚಾರ!" ಅಪ್ಪ ಸಿಡುಕುತ್ತಲೇ ಕಾಗದ ಎಳೆದುಕೊಂಡರು. ಆಮೇಲೆ ಮೆಕ್ಯಾನಿಕ್‌ನ ಪೂರ್ತಿ ಹೆಸರು ಬರೆದು, ಅದರ ಕೆಳಗೆ ಬರೆದರು: 'ಅಂದು ಇವರು ಸಹಿ ಹಾಕಿದ್ದರೆ ಇಂದು ಈ ಸಭೆ ಇರುತ್ತಿರಲಿಲ್ಲ. ಇವರನ್ನು ಹೇಡಿ ಎಂದೆ. ತಪ್ಪು ನನ್ನದು.'

"ಇನ್ನಾದ್ರೂ ಹಾಕ್ತೀಯೇನಮ್ಮ, ತಾಯಿ?"

ಎರಡು ಸಲ ಓದಿದೆ. ಹೊಡೆದುಹಾಕುವಂಥ ಮಾತು ಒಂದೂ ಇರಲಿಲ್ಲ. ಸಹಿ ಹಾಕಿದೆ.