ನಾಲ್ಕು ಮೈಕ್ರಾನ್

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನ್ ಇರುತ್ತದೆ. ಕಣ್ಣಿಗೆ ಕಾಣದ ಈ ಅಳತೆಯಿಂದಲೇ ನಾನು ಮೂವತ್ತೊಂದು ವರ್ಷ ಅನ್ನ ತಿಂದಿದ್ದೇನೆ. ಶೆಟ್ಟಿಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ತಯಾರಾದ ಭಾಗವನ್ನು ಅಳೆದು ನಾನು ಪಾಸ್ ಎಂದರೆ ಪಾಸ್, ಕಸ ಎಂದರೆ ಕಸ.

ರುಖ್ಸಾರಳಿಗೆ ಕೆಲಸ ಕಲಿಸಿದವನೂ ನಾನೇ. ತರಬೇತಿಯ ಮೊದಲ ದಿನವೇ ಹೇಳಿದ್ದೆ: "ಉಕ್ಕನ್ನ ಬರಿಗೈಲಿ ಮುಟ್ಬೇಡಮ್ಮ. ಕೈ ಬಿಸಿಗೇ ಉಬ್ಬುತ್ತೆ. ಚಿಮಟದಲ್ಲಿ ಹಿಡಿ, ಕಲ್ಲಿನ ಮೇಲೆ ಒಂದ್ ಗಂಟೆ ತಣ್ಣಗಾಗ್ಲಿ, ಆಮೇಲೆ ಅಳೆ." ಎರಡು ವರ್ಷದಲ್ಲಿ ಅವಳು ಒಂದು ದಿನವೂ ತಪ್ಪಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು.

ಯಾಕೆಂದರೆ ಯಜಮಾನ ಭೀಮರಾಜ್ ನಗುನಗುತ್ತಾ ಅಂದಿದ್ದರು: "ಮುನಿರಾಮಯ್ಯನವ್ರೇ, ಈ ಹುಡ್ಗಿ ಪರೀಕ್ಷೆ ಪಾಸಾದ್ರೆ ಕಾಯಂ ಮಾಡಿ ನಿಮ್ ಜಾಗದಲ್ಲೇ ಕೂರಿಸ್ತೀನಿ. ನೀವು ಮನೇಲಿ ಆರಾಮಾಗಿರಿ."

ಮನೆಯಲ್ಲಿ ಆರಾಮು! ಅಲ್ಲಿ ನನ್ನ ಮಾತಿಗೆ ನಾಯಿಯೂ ತಿರುಗಿ ನೋಡುವುದಿಲ್ಲ.

ಪರೀಕ್ಷೆಗೆ ಕೊಟ್ಟದ್ದು ಉಕ್ಕಿನ ತುಂಡೊಂದನ್ನು ಉಜ್ಜಿ ಸರಿಯಾಗಿ ಐವತ್ತು ಮಿಲಿಮೀಟರಿಗೆ ತರುವ ಕೆಲಸ. ವ್ಯತ್ಯಾಸ ಎರಡು ಮೈಕ್ರಾನ್ ಮೀರಿದರೆ ಅವಳು ಮನೆಗೆ. ಹನ್ನೊಂದು ದಿನ ಉಜ್ಜಿದಳು. ಶುಕ್ರವಾರ ಅದನ್ನು ತಂದು ಕಲ್ಲಿನ ಮೇಲಿಟ್ಟು, ಗಡಿಯಾರ ನೋಡಿಕೊಂಡು ಒಂದು ಗಂಟೆ ಕಾದಳು.

"ಯಜಮಾನ್ರನ್ನ ಕರ್ಕೊಂಡ್ ಬಾ, ಅವ್ರ ಮುಂದೇನೇ ಅಳೆಯೋಣ," ಎಂದೆ. ಓಡಿದಳು.

ನಾನು ತುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೂತೆ. ಬಾಗಿಲಲ್ಲಿ ಹೆಜ್ಜೆ ಸದ್ದಾದಾಗ ಅಳತೆ ಯಂತ್ರಕ್ಕಿಟ್ಟೆ. ಮುಳ್ಳು ನಾಲ್ಕು ಮೈಕ್ರಾನ್ ಜಾಸ್ತಿ ತೋರಿಸಿತು.

ಅವಳ ಮುಖ ಬಿಳುಚಿತು. ನನ್ನ ಮೇಲೆ ಅನುಮಾನ ಬರಬಹುದೆಂದು ಕಾದೆ. ಅವಳು ತನ್ನ ಕೈಗಳನ್ನೇ ನೋಡಿಕೊಂಡಳು.

"ಸರ್, ಒರೆಸುವಾಗ ನಾನೇ ಎಲ್ಲೋ ಕೈ ತಾಗಿಸ್ಬಿಟ್ಟೆ ಅನ್ಸುತ್ತೆ. ಇನ್ನೊಂದ್ ಗಂಟೆ ಬಿಟ್ಟು ನೋಡ್ತೀರಾ?"

"ಎರಡು ವರ್ಷ ಹೇಳ್ಕೊಟ್ಟಿದ್ದು ಇದೇನಾ?" ಎಂದೆ.

"ಮುನಿರಾಮಯ್ಯನವ್ರು ಹೇಳಿದ್ಮೇಲೆ ಮುಗೀತು," ಎಂದು ಭೀಮರಾಜ್ ಹೊರಟರು.

ಬ್ಯಾಗು ತಗಲಿಸಿಕೊಂಡು ಅವಳು ಮತ್ತೆ ನನ್ನ ಬಳಿಗೆ ಬಂದಳು. "ನಿಮ್ ಹೆಸ್ರು ಕೆಡಿಸ್ಬಿಟ್ಟೆ. ಕ್ಷಮಿಸಿ ಸರ್."

ಅವಳು ಹೋಗಿ ಒಂದು ಗಂಟೆಯಾದ ಮೇಲೆ, ಯಾರೂ ಇಲ್ಲದಾಗ, ಚಿಮಟದಲ್ಲಿ ಎತ್ತಿ ಮತ್ತೆ ಅಳೆದೆ. ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಇಂಥ ತುಂಡು ನನ್ನ ಕೈಯಿಂದಲೂ ಯಾವತ್ತೂ ಬಂದಿರಲಿಲ್ಲ.

ಅದನ್ನು ಗುಜರಿ ಡಬ್ಬಕ್ಕೆ ಹಾಕಿದೆ. ಸೋಮವಾರ ಒಂಬತ್ತಕ್ಕೆ ಬಂದು ನನ್ನ ಕುರ್ಚಿಯಲ್ಲಿ ಕೂತೆ.