ಎಡಗಿವಿಯ ಮಾತು

"ಮಂಚ ಈಚೆಗೆ ಎಳೀರೋ!" ಎಂದು ಫಿಟ್ಟರಮ್ಮ ಕೂಗಿದ್ದು ಬೀದಿಯ ಆ ತುದಿಗೂ ಕೇಳಿಸಿತು. ಹೂವು ಹಿಡಿದು ಒಳಗೆ ಬರುತ್ತಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತುಬಿಟ್ಟಳು.

ಮಂಚದ ಮೇಲೆ ಗಂಡ ಮಲಗಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯವರೆಗೆ ಹೊದಿಕೆ. ಆತನ ಬಲಮಗ್ಗುಲಿಗೆ ಗೋಡೆ, ಎಡಮಗ್ಗುಲಿಗೆ ಆಕೆಗೆಂದು ಹಾಕಿದ ಕುರ್ಚಿ.

"ಅತ್ತಿಗೆ, ಇನ್ನೇನು ಗಾಡಿ ಬರುತ್ತೆ," ಎಂದ ಮೈದುನ. ಮದುವೆಯಾಗಲಿ ಸಾವಾಗಲಿ, ಕರೆಯದಿದ್ದರೂ ಯಜಮಾನಿಕೆ ವಹಿಸಿಕೊಳ್ಳುವ ಮನುಷ್ಯ. "ಈಗ ಮಂಚ ಎಳೆದಾಡಿ ಏನಾಗ್ಬೇಕು? ಜಾಗ ಬೇರೆ ಇಕ್ಕಟ್ಟು."

"ನಾನು ಅವರ ಬಲಗಡೆ ಕೂತ್ಕೋಬೇಕು."

"ಯಾವ ಕಡೆ ಕೂತ್ರೇನು ಅತ್ತಿಗೆ, ಇನ್ನು..." ಉಳಿದ ಮಾತನ್ನು ಮೈದುನ ನುಂಗಿಕೊಂಡ.

ಮಗಳು ಬಂದು ಭುಜ ಹಿಡಿದಳು. "ಯಾಕಮ್ಮಾ?"

"ಮಾತಾಡ್ಬೇಕು ಕಣೆ."

"ಇಲ್ಲಿಂದ್ಲೇ ಮಾತಾಡಮ್ಮ."

"ಈ ಕಡೆ ಕಿವಿ ಕೇಳ್ಸಲ್ವಲ್ಲೇ ಅವರಿಗೆ!"

ಕೋಣೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಪಾಪ, ದುಃಖಕ್ಕೆ ಬುದ್ಧಿ ಕದಡಿದೆ ಎಂದು ಯಾರೋ ಪಿಸುಗುಟ್ಟಿದರು. ಬುದ್ಧಿ ಕದಡಿರಲಿಲ್ಲ. ಸತ್ತವರಿಗೆ ಯಾವ ಕಿವಿಯೂ ಕೇಳುವುದಿಲ್ಲವೆಂಬುದು ಆಕೆಗೂ ಗೊತ್ತಿತ್ತು. ಆದರೂ ಹೇಳುವುದಾದರೆ ಕೇಳುವ ಕಿವಿಗೇ ಹೇಳಬೇಕು ಎಂದು ಹಟ ಹಿಡಿದಿದ್ದಳು, ಅಷ್ಟೆ.

ಆತ ನೇಯ್ಗೆ ಗಿರಣಿಯ ಫಿಟ್ಟರ್, ಅಂದರೆ ಮಗ್ಗಗಳ ವೈದ್ಯ. ಯಾವ ಮಗ್ಗ ಮೊಂಡು ಹಿಡಿದರೂ ಹತ್ತಿರ ಹೋಗಿ ಎಡಗಿವಿ ಒಡ್ಡುತ್ತಿದ್ದ. ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಆ ಕಿವಿಯನ್ನು ಮಗ್ಗಗಳೇ ತಿಂದು ಮುಗಿಸಿದವು. ಮದುವೆಯ ಹೊತ್ತಿಗಾಗಲೇ ಅದು ಹೆಸರಿಗಷ್ಟೇ ಕಿವಿ. ಬಲಗಿವಿಗೂ ಬರಬರುತ್ತಾ ಕೂಗಿಯೇ ಹೇಳಬೇಕಾಯಿತು. ಹಾಗಾಗಿ ಆ ಮನೆಯಲ್ಲಿ ಸಕ್ಕರೆ ಮುಗಿದರೆ ಮೊದಲು ತಿಳಿಯುವುದು ಎದುರು ಮನೆಯವರಿಗೆ. ಫಿಟ್ಟರಮ್ಮನ ಸಂಸಾರದಲ್ಲಿ ಗುಟ್ಟೆಂಬುದೇ ಇಲ್ಲ ಎಂದು ಬೀದಿಯೆಲ್ಲ ನಗುತ್ತಿತ್ತು.

ಒಂದು ಗುಟ್ಟು ಇತ್ತು.

*

ಮದುವೆಯಾದ ಹೊಸತು. ಇಬ್ಬರೂ ಬಸ್ಸು ಹತ್ತಿ ಕೂತಿದ್ದರು. ಬಸ್ಸು ಹೊರಟ ಮೇಲೆ ಆಕೆಗೆ ಕೊಡೆಯ ನೆನಪಾಯಿತು. ನಿಲ್ದಾಣದ ಬೆಂಚಿನ ಮೇಲೇ ಬಿಟ್ಟು ಬಂದಿದ್ದಳು. ಆತ ಬಸ್ಸು ನಿಲ್ಲಿಸಿ, ಇಳಿದು, ಓಡಿಹೋಗಿ ತಂದ. ಏದುಸಿರು ಬಿಡುತ್ತ ಕಿಟಕಿಯ ಪಕ್ಕ ಕೂತವನಿಗೆ ಎಡಗಡೆ ನಿಂತ ಕಂಡಕ್ಟರು ವಾಚಾಮಗೋಚರ ಬೈದ. ಆತ ನಿಶ್ಚಿಂತೆಯಿಂದ ಹೊರಗೆ ನೋಡುತ್ತಿದ್ದ. ಬಸ್ಸಿನ ಗದ್ದಲದಲ್ಲಿ ಬೈಗುಳದ ಒಂದಕ್ಷರವೂ ಆತನನ್ನು ಮುಟ್ಟಿರಲಿಲ್ಲ.

ಆಕೆಗೆ ನಗು ಬಂತು. ಆಮೇಲೆ ಎಲ್ಲಿಂದಲೋ ಧೈರ್ಯವೂ ಬಂತು. ತಾನೂ ಎಡಗಡೆಯೇ ಕೂತಿದ್ದೇನಲ್ಲ! ಬಗ್ಗಿ, ಕಿವಿಯ ಹತ್ತಿರ ಬಾಯಿಟ್ಟು, "ನೀವಂದ್ರೆ ನಂಗೆ ಪ್ರಾಣ" ಎಂದಳು. ಅಂಥ ಮಾತನ್ನು ತವರಿನಲ್ಲಿ ಯಾರ ಬಾಯಲ್ಲೂ ಕೇಳಿದವಳಲ್ಲ. ಆತ ಕಿಟಕಿಯಾಚೆ ನೋಡುತ್ತಲೇ ಇದ್ದ.

ಅಂದಿನಿಂದ ಅದೇ ರೂಢಿಯಾಯಿತು. ನಲ್ಲಿ ಸೋರುವುದು, ಮಗಳ ಶಾಲೆ, ಕರೆಂಟು ಹೋದದ್ದು, ಇವೆಲ್ಲ ಬಲಗಿವಿಗೆ, ಊರಿಗೆಲ್ಲ ಕೇಳುವಂತೆ. ಉಳಿದದ್ದು ಎಡಗಿವಿಗೆ. ಆತ ಗಡ್ಡ ಬೋಳಿಸುವಾಗ, ಪೇಪರ್ ಓದುವಾಗ ಹಿಂದಿನಿಂದ ಬಂದು ಬಗ್ಗುತ್ತಿದ್ದಳು. ಮೊದಲ ಮಗು ಉಳಿಯದೆ ಹೋದಾಗ, "ನೀವಿದ್ದೀರಿ ಅಂತ ಉಸಿರಾಡ್ತಿದ್ದೀನಿ" ಎಂದದ್ದೂ ಆ ಕಿವಿಗೇ.

ಹೋದ ವರ್ಷ ಮಗಳು ಕಿವಿಗೆ ಮಿಷನ್ ತಂದುಕೊಟ್ಟಳು. ಅದನ್ನು ಹಾಕಿಕೊಂಡರೆ ಎಡಗಿವಿಯೂ ಚೆನ್ನಾಗಿ ಕೇಳಿಸುತ್ತದೆ ಎಂದಿದ್ದರಂತೆ ಡಾಕ್ಟರು. ಆತ ಡಬ್ಬಿಯನ್ನೇ ತೆರೆಯಲಿಲ್ಲ. ಆಕೆ ಬೈದಳು. ಬೈಯುವಾಗಲೂ, ಎಲ್ಲಾದರೂ ಹಾಕಿಕೊಂಡುಬಿಟ್ಟರೆ ತನ್ನ ಗತಿಯೇನು ಎಂದು ಒಳಗೊಳಗೇ ಅಳುಕು.

ನಿನ್ನೆ ಬೆಳಿಗ್ಗೆಯೂ ಅದೇ ಜಗಳ. "ಮಿಷನ್ ಹಾಕ್ಕೊಳ್ರೀ ಅಂದ್ರೆ ಹಾಕ್ಕೊಳ್ಳಲ್ಲ! ಕಿವುಡಾ! ಕೂಗಿ ಕೂಗಿ ನನ್ನ ಗಂಟಲು ಹರಿದುಹೋಯ್ತು!"

ಆತ ನಕ್ಕ. ನಕ್ಕು ಕುರ್ಚಿಗೆ ಒರಗಿದ. ಆಮೇಲೆ ಏಳಲಿಲ್ಲ.

ಬಲಗಿವಿಗೆ ಬಿದ್ದ ಕೊನೆಯ ಮಾತು ಅದು. ಇಡೀ ಜನ್ಮದಲ್ಲಿ ಆ ಕಿವಿಗೆ ಒಂದಾದರೂ ಪ್ರೀತಿಯ ಮಾತು ಹೋಗಿತ್ತೇ? ಆಕೆ ನೆನೆದೂ ನೆನೆದೂ ಸೋತಿದ್ದಳು. ಆತನನ್ನು ಹಾಗೇ ಕಳಿಸಿಕೊಡಲು ಆಕೆಯ ಮನಸ್ಸು ಒಪ್ಪಲಿಲ್ಲ.

*

ಅಷ್ಟರಲ್ಲಿ ಏಣಿ ಬಂದರು. ಗಿರಣಿಯಲ್ಲಿ ಫಿಟ್ಟರನ ಕೈಕೆಳಗೆ ಕೆಲಸ ಕಲಿತವರು. ಎತ್ತರಕ್ಕೆ ಆ ಹೆಸರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದವರು ಆಕೆಯ ಮುಖ ನೋಡಿದರು.

"ಇವರಿಗೆ ಮಂಚ ಈಚೆ ಬರ್ಬೇಕಂತೆ," ಎಂದ ಮೈದುನ, ನ್ಯಾಯ ಹೇಳಿ ಎಂಬಂತೆ.

"ಬರ್ಬೇಕು ಅಂದ್ರೆ ಬರ್ಬೇಕಪ್ಪ. ನೀವು ಕಾಲು ಕಡೆ ಹಿಡ್ಕೊಳ್ಳಿ."

ಮಂಚ ಕಿರುಗುಟ್ಟುತ್ತ ಈಚೆ ಬಂತು. ಗೋಡೆಗೂ ಮಂಚಕ್ಕೂ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಏಣಿ ಎಲ್ಲರನ್ನೂ ಹೊರಗೆ ಕಳಿಸಿದರು. ಬಾಗಿಲಲ್ಲಿ ಮಗಳೊಬ್ಬಳೇ ಉಳಿದಳು. "ಎಷ್ಟು ಹೇಳಿದ್ರೂ ಆ ಮಿಷನ್ ಒಂದು ದಿನಾನೂ ಹಾಕ್ಕೊಳ್ಳಲಿಲ್ಲ ಅಪ್ಪ," ಎಂದು ಕಣ್ಣೊರೆಸಿಕೊಂಡಳು.

ಏಣಿ ಕೆಮ್ಮಿದರು. "ಅತ್ತಿಗೆ, ಒಂದು ಮಾತು. ಹೇಳ್ಬೇಡ ಅಂದಿದ್ದ ಅಣ್ಣ." ಗುಟ್ಟಾಗಿಯೇ ಹೇಳಲು ಹೊರಟಿದ್ದರು. ಆದರೆ ಗಿರಣಿಯವರಿಗೆ ಮೆಲ್ಲಗೆ ಮಾತಾಡಲು ಎಲ್ಲಿ ಬರುತ್ತದೆ? "ಯಾಕಣ್ಣ ಮಿಷನ್ ಹಾಕ್ಕೊಳ್ಳಲ್ಲ ಅಂತ ನಾನೂ ಕೇಳ್ದೆ. 'ಅವಳು ಎಡಗಡೆ ಬಂದು ಏನೋ ಹೇಳ್ತಾಳೆ ಕಣೋ' ಅಂದ."

ಆಕೆ ಮಂಚದ ಅಂಚು ಹಿಡಿದುಕೊಂಡಳು. "ಕೇಳಿಸ್ತಿತ್ತಾ?"

"ಇಲ್ಲ. 'ಒಂದಕ್ಷರ ಕೇಳ್ಸಲ್ಲ, ಬಿಸಿ ಉಸಿರು ಬಡಿಯುತ್ತೆ ಅಷ್ಟೇ' ಅಂದ. 'ನನಗೆ ಕೇಳುತ್ತೆ ಅಂತ ಗೊತ್ತಾದ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತಾಳೆ. ಮಿಷನ್ ಬೇಡ' ಅಂದ."

ಬಾಗಿಲಲ್ಲಿ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಏಣಿ ಸರಸರನೆ ಹೊರಟರು. ಬಾಗಿಲಲ್ಲಿ ಹಣೆ ಬಡಿಸಿಕೊಂಡರೂ ನಿಲ್ಲಲಿಲ್ಲ.

ಫಿಟ್ಟರಮ್ಮ ಬಲಗಡೆಯ ಜಾಗವನ್ನು ನೋಡಿದಳು. ಅಷ್ಟು ಗಲಾಟೆ ಮಾಡಿ ಮಾಡಿಸಿಕೊಂಡ ಜಾಗ. ಆಮೇಲೆ ಮಂಚ ಸುತ್ತಿ ಹೋಗದೆ, ಎಡಬದಿಯ ಹಳೆಯ ಕುರ್ಚಿಯನ್ನೇ ಎಳೆದುಕೊಂಡು ಕೂತಳು. ಕನ್ನಡಕ ತೆಗೆದು ಮಡಿಲಲ್ಲಿಟ್ಟು ಬಗ್ಗಿದಳು.

ಹೊರಗೆ ಗಾಡಿ ಬಂದು ನಿಂತಿತು. ಜಗಲಿಯಲ್ಲಿದ್ದವರೆಲ್ಲ ಅಭ್ಯಾಸಬಲದಿಂದ ಕಿವಿ ನಿಮಿರಿಸಿದರು. ಏನೂ ಕೇಳಿಸಲಿಲ್ಲ. "ಮುಗೀತಾ?" ಎಂದು ಕೇಳಲು ಮೈದುನ ಬಾಗಿಲಿಗೆ ಬಂದ. ಮಗಳು ಕೈ ಅಡ್ಡ ಮಾಡಿ ತಡೆದಳು.

ಒಳಗೆ ಆಕೆಯ ತುಟಿಗಳು ಅಲುಗುತ್ತಿದ್ದವು. ಆತನ ಎಡಗಿವಿಯ ಮೇಲೆ, ಬಾಚಣಿಗೆಗೆ ತಪ್ಪಿಸಿಕೊಂಡ ಒಂದೆರಡು ಬಿಳಿಗೂದಲು ಆ ಉಸಿರಿಗೆ ಮೆಲ್ಲಗೆ ಏಳುತ್ತ, ಮತ್ತೆ ಮಲಗುತ್ತ ಇದ್ದವು.