ಕಣ್ಣು ಹಳದಿಯಾದವರ ನಿದ್ದೆ

ನಮ್ಮನೆಯವರು ದಂಡಪಾಣಿ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಶಿಪ್‌ಮೆಂಟ್ ಹೊರಡೋ ವಾರವೇ ಜ್ವರ ಬಂತು. ಮಹರಾಯ ರಜ ಹಾಕಲಿಲ್ಲ. ಪೆಟ್ಟಿಗೆ ಅಂಗಡೀಲಿ ಜ್ವರಕ್ಕೊಂದು, ಮೈನೋವಿಗೊಂದು, ನೆಗಡಿಗೊಂದು ಮಾತ್ರೆ ತಗೊಂಡು, ಮೂರನ್ನೂ ಸೇರಿಸಿ ನುಂಗಿ, ಒಂದೂವರೆ ಶಿಫ್ಟ್ ನಿಂತರು. ದಿನಕ್ಕೆ ನಾಲ್ಕೈದು ಸಲ, ಐದು ದಿನ. ಮೂರು ಮಾತ್ರೆಯಲ್ಲೂ ಇರೋದು ಒಂದೇ ಮದ್ದು ಅಂತ ನಮಗೇನು ಗೊತ್ತು?

ಆರನೇ ದಿನ ಕಣ್ಣು ಹಳದಿ ಆಯ್ತು. ನಮ್ಮತ್ತೆ ಬೆಳ್ಳಿಯಮ್ಮ, "ಕಾಮಾಲೆ ಕಣೇ. ಆಸ್ಪತ್ರೆ ಮದ್ದು ಇದಕ್ಕಾಗಲ್ಲ" ಅಂತ ನಾಟು ವೈದ್ಯರ ಹತ್ರ ಬಾಟ್ಲೀಲಿ ಸೊಪ್ಪಿನ ರಸ ತಂದು ಕುಡಿಸಿದರು. ನಾನೂ ತಲೆಯಾಡಿಸಿದೆ. ಹೇಳೋಕೆ ಈಗ ನಾಚಿಕೆಯಾಗುತ್ತೆ.

ಎರಡು ದಿನ ಕಳೀತು. ಅವರು ಹಗಲೆಲ್ಲ ನಿದ್ದೆ ಹೋದರು.

"ನೋಡು ಮಲ್ಲಿಗಾ, ಮದ್ದು ಹಿಡೀತು. ಎಷ್ಟು ದಿನದ ದಣಿವೋ, ಎಬ್ಬಿಸಬೇಡ" ಅಂದರು ಅತ್ತೆ. ನನಗೂ ಖುಷಿ. ಸದ್ದಾಗಬಾರದು ಅಂತ ಮಿಕ್ಸಿ ಕೂಡ ಹಾಕಲಿಲ್ಲ.

ಭಾನುವಾರ ಮಧ್ಯಾಹ್ನ ಪಕ್ಕದ ಮನೆ ಮೇರಿ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಮಂಗಳೂರು ಕಡೆಯವಳು, ಇಲ್ಲಿ ನರ್ಸ್. ಇವರನ್ನು ನೋಡಿದ್ದೇ ಮೊಸರಿನ ಬಟ್ಟಲು ಕೆಳಗಿಟ್ಟಳು. ಅಲುಗಾಡಿಸಿ ಎಬ್ಬಿಸಿದಳು.

"ಅಣ್ಣಾ, ಇವರು ಯಾರು?" ಅಂತ ನನ್ನನ್ನು ತೋರಿಸಿದಳು.

ಅವರು ನನ್ನನ್ನೇ ದಿಟ್ಟಿಸಿದರು. "ಕಂಪನಿಗೆ ಬರೋ ಹೆಂಗಸು" ಅಂದರು.

ಅಯ್ಯೋ ದೇವರೇ! ಕಟ್ಟಿಕೊಂಡು ಹನ್ನೊಂದು ವರ್ಷ.

"ನಿದ್ದೆಗಣ್ಣಮ್ಮಾ ಅದು, ಸುಮ್ನೆ ಹೆದರಿಸಬೇಡ" ಅಂತ ಅತ್ತೆ ರೇಗಿದರು.

ಮೇರಿ ಅವರ ಎರಡೂ ಕೈ ಮುಂದೆ ಚಾಚಿಸಿದಳು. ಅಂಗೈ ನಿಲ್ಲಲೇ ಇಲ್ಲ, ಪಟಪಟ ಬಿದ್ದು ಬಿದ್ದು ಏಳುತ್ತಿತ್ತು. ಒಸಡಿನಲ್ಲಿ ರಕ್ತ. ಏನೇನು ಕೊಟ್ಟಿರಿ ಅಂತ ಕೇಳಿದಳು, ನಾನು ಮಾತ್ರೆ, ಸೊಪ್ಪಿನ ರಸ ಎಲ್ಲಾ ಹೇಳಿದೆ.

"ಇದು ನಿದ್ದೆಯಲ್ಲಮ್ಮ. ಲಿವರ್, ನೀವು ಕಲ್ಲೀರಲ್ ಅಂತೀರಲ್ಲ, ಅದು ಕೆಲಸ ನಿಲ್ಲಿಸ್ತಿದೆ. ಮೈಯೊಳಗಿನ ವಿಷ ತಲೆಗೇರಿದೆ. ರಕ್ತ ಹೆಪ್ಪುಗಟ್ತಿಲ್ಲ. ಈಗಲೇ ಹೊರಡಿ. ಮಾತ್ರೆ ಕವರು, ರಸದ ಬಾಟ್ಲಿ ಎಲ್ಲಾ ತಗೊಳ್ಳಿ, ಡಾಕ್ಟರು ನೋಡಬೇಕು."

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ನೇರ ಐಸಿಯುಗೆ ಹಾಕಿದರು. "ಅತಿಯಾದ ಮಾತ್ರೆಯಿಂದ ಲಿವರ್ ಹಾಳಾಗಿದೆ. ಆ ರಸ ಇನ್ನೇನು ಮಾಡಿತೋ ಗೊತ್ತಿಲ್ಲ. ವಿಷ ಮುರಿಯೋ ಮದ್ದು ಕೊಡ್ತಿದ್ದೀವಿ. ಚೇತರಿಸಿಕೊಳ್ಳದಿದ್ದರೆ ಬೇರೆಯವರ ಲಿವರ್ ಜೋಡಿಸಬೇಕಾಗುತ್ತೆ" ಅಂದರು ಡಾಕ್ಟರು.

"ನನ್ನದನ್ನ ತೆಗೀರಿ ಸಾಮಿ" ಅಂತ ಅತ್ತೆ ಅವರ ಕಾಲಿಗೆ ಬಿದ್ದರು. ಈ ವಯಸ್ಸಿನವರದು ಆಗಲ್ಲಮ್ಮ ಅಂತ ಡಾಕ್ಟರೇ ಎಬ್ಬಿಸಿ ಕೂರಿಸಿದರು. ನಾಲ್ಕು ದಿನ ನಾವಿಬ್ಬರೂ ಐಸಿಯು ಬಾಗಿಲಲ್ಲೇ ಕೂತಿದ್ದೆವು. ಆ ಮದ್ದಿಗೇ ಚೇತರಿಸಿಕೊಂಡು ಐದನೇ ದಿನ ನಮ್ಮನೆಯವರು ಕಣ್ಣುಬಿಟ್ಟು, "ಅವ್ವಾ, ಹಸಿವು" ಅಂದರು. ಅತ್ತೆ ಬಾಯಿಗೆ ಸೆರಗು ತುಂಬಿಕೊಂಡು ಅತ್ತರು.

ಪಕ್ಕದ ಹಾಸಿಗೆಯಲ್ಲಿ ಈಶ್ವರನ್ ಅಂತ ಒಬ್ಬರಿದ್ದರು. ಅವರಿಗೂ ಕಾಮಾಲೆ, ಅದೇ ನಿದ್ದೆ. ಅವರ ಮನೆಯಲ್ಲಿ ನಮಗಿಂತ ಎರಡು ದಿನ ಹೆಚ್ಚಿಗೆ ಮಲಗಲು ಬಿಟ್ಟಿದ್ದರು. ಅವರು ಉಳಿಯಲಿಲ್ಲ. "ಚೆನ್ನಾಗಿ ನಿದ್ದೆ ಮಾಡ್ತಿದ್ರಲ್ಲಕ್ಕಾ" ಅಂತ ಅವರ ಹೆಂಡತಿ ನನ್ನ ಕೈ ಹಿಡಿದು ಕೇಳುತ್ತಲೇ ಇದ್ದಳು.

ಅಕ್ಕತಂಗಿಯರೇ, ಜ್ವರದ ಮಾತ್ರೆ ಡಾಕ್ಟರು ಹೇಳಿದಷ್ಟೇ ಕೊಡಿ. ಕಣ್ಣು ಹಳದಿಯಾದರೆ ಅವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ. ಹಳದಿ ಕಣ್ಣಿನವರು ಹಗಲೆಲ್ಲ ಮಲಗಿದರೆ, ಏನೇನೋ ಮಾತಾಡಿದರೆ, ಸಂಜೆವರೆಗೂ ಕಾಯಬೇಡಿ. ಪಾಪ ಮಲಗಲಿ ಅನ್ನಬೇಡಿ. ಎಬ್ಬಿಸಿ, ಹೊರಡಿ.